ಹೋರಿ ತೂಗೋ ರಾಜ್ಯ

ಬನ್ರೋ, ಬನ್ನಿ, ಹತ್ರ ಬನ್ನಿ! ಇನ್ನೂ ಹತ್ರ! ಈ ಕಥೆಗೆ ಒಂದ್ಸಲ ಬಾಯಿ ತೆರ್ಕೊಂಡ್ರೆ ಮುಚ್ಚೋದೇ ಇಲ್ಲ. ಒಳಗೆ ನೊಣ ಹೋದ್ರೆ ನನ್ನ ಬೈಬೇಡಿ ಮತ್ತೆ.

ಏಳು ಹಳ್ಳ ದಾಟಿ, ಎಂಟನೇ ಹಳ್ಳದ ದಡದಲ್ಲಿ ತೊರೆನಾಡು ಅಂತ ಒಂದು ರಾಜ್ಯ ಇತ್ತಂತೆ. ಅದಕ್ಕೆ ಮಾಚರಸ ಅಂತ ಒಬ್ಬ ರಾಜ. ರಾಜನ ಹತ್ರ ಚಿನ್ನ ಇರಲಿಲ್ಲ. ಮುತ್ತು ಇರಲಿಲ್ಲ. ಗಂಧದ ಕಾಡೂ ಇರಲಿಲ್ಲ. ಇದ್ದಿದ್ದು ಒಂದೇ. ದನ! ಕಾವಲು ತುಂಬ ದನ. ಕಾವಲು ಅಂದ್ರೆ ಗೊತ್ತಲ್ಲ, ರಾಜನ ಮಂದೆ ಮೇಯೋಕೆ ಅಂತ ಬಿಟ್ಟ ದೊಡ್ಡ ಹುಲ್ಲುಗಾವಲು. ಆ ದನ ಗಾಡಿ ಎಳೆಯೋಕಲ್ಲ. ಹೊಲ ಉಳೋಕಲ್ಲ. ವರ್ಷಕ್ಕೊಂದ್ಸಲ ಕಡಲ ಕಡೆಯಿಂದ ಹಡಗಿನೋರು ಬರೋರು. ಅವರು ಮಾಂಸದ ಜನ. ದನಾನ ತೂಗೋರು, ತೂಕಕ್ಕೆ ತಕ್ಕ ಹಾಗೆ ಅಕ್ಕಿ, ಉಪ್ಪು, ಬಟ್ಟೆ, ಕಬ್ಬಿಣ ಇಳಿಸೋರು. ಇಡೀ ರಾಜ್ಯ ಅದ್ರಲ್ಲೇ ಉಣ್ಣೋದು, ಅದ್ರಲ್ಲೇ ಉಡೋದು.

ಹಂಗಾಗಿ ಏನಾಯ್ತು ಅಂತೀರಾ? ಆ ಜನಕ್ಕೆ ತೂಕದ ಹುಚ್ಚು ಹಿಡೀತು! ಏನಿದ್ರೂ ತೂಗೋದೇ. ಕುಂಬಳಕಾಯಿ ತೂಗಿದ್ರು. ಮಗು ಹುಟ್ಟಿದ್ರೆ ತೂಗಿದ್ರು. ಮದುವೆ ಗಂಡನ್ನೂ ತೂಗಿದ್ರು! ಮಂದೆ ನೋಡ್ಕೊಳ್ಳೋ ಪಾರುಪತ್ಯಗಾರನ್ನ ಆರಿಸೋದೂ ತೂಕದ ಮೇಲೇನೇ. ಯಾವನು ಭಾರವೋ ಅವನೇ ಪಾರುಪತ್ಯಗಾರ. ಹಂಗೆ ಆರಿಸಿ ಬಂದೋನು ಭದ್ರಯ್ಯ. ಅವನು ಕೂತ್ರೆ ಜಗಲಿ ನರಳೋದು. ಎದ್ರೆ ಅವನೇ ನರಳೋನು.

ಮಂದೆಗೆ ಬೀಜದ ಹೋರಿ ಆರಿಸೋದೂ ಹಂಗೇ. ಒಂದೂವರೆ ವರ್ಷಕ್ಕೊಂದು ತೂಕದ ದಿನ. ಎರಡು ಬಂಡೆ ನಡುವೆ ತೇಗದ ತೊಲೆ. ತೊಲೆಗೆ ಆನೆ ಕಟ್ಟೋ ಸರಪಳಿ. ಸರಪಳಿಗೆ ಎರಡು ಹಲಗೆ. ಅಬ್ಬಬ್ಬ, ಒಂದೊಂದು ಹಲಗೆ ಮೇಲೆ ಕಣ ಮಾಡಿ ರಾಗಿ ತುಳಿಸಬೋದಿತ್ತು! ಯಾವ ಹೋರಿ ಕಡೆ ಹಲಗೆ ಕೆಳಗಿಳಿಯುತ್ತೋ ಅದೇ ಮಂದೆಗೆ ಗಂಡ. ಸೋತ ಹೋರಿಗೆ ಬೀಜ ಒಡೆದುಬಿಡೋದು. “ಭಾರದ ಅಪ್ಪ, ಭಾರದ ಮಗ” ಅನ್ನೋದು ಅವರ ಗಾದೆ.

ಈ ಮಂದೇಲಿ ದ್ಯಾವೀರಿ ಅಂತ ಒಬ್ಬಳು ಇದ್ಲು. ಹಸುಗಳಿಗೆ ಸೂಲಗಿತ್ತಿ ಅವಳು. ಯಾವ ಹಸು ಯಾವ ದಿನ ಕರು ಹಾಕುತ್ತೆ ಅಂತ ಬಾಲ ನೋಡಿ ಹೇಳೋಳು. ಮೈ ತೆಳ್ಳಗೆ, ಕೈ ಇನ್ನೂ ತೆಳ್ಳಗೆ. ತೂಕದಲ್ಲಿ ಅವಳು ಒಂದು ಮೇಕೆಗಿಂತ ಕಮ್ಮಿ. ಹಂಗಾಗಿ ಅವಳ ಮಾತಿಗೆ ಆ ರಾಜ್ಯದಲ್ಲಿ ಮೇಕೆ ಮಾತಿಗಿಂತ ಕಮ್ಮಿ ಬೆಲೆ!

ಒಂದು ತೂಕದ ದಿನ ಬೆಳಿಗ್ಗೆ ದ್ಯಾವೀರಿ ಕೆರೆ ಹತ್ರ ಹೋದ್ಲು. ನೋಡ್ತಾಳೆ, ಭದ್ರಯ್ಯ ತನ್ನ ಭಾಮೈದನ ಹೋರೀನ ಹಿಡ್ಕೊಂಡು ನಿಂತವನೆ. ಹೋರಿ ಹೆಸರು ಪರ್ವತ. ಹುಟ್ಟಿದಾಗಿನಿಂದ ಕೊಟ್ಟಿಗೆ ಬಿಟ್ಟು ಆಚೆ ಬಂದಿಲ್ಲ, ಬರೀ ಬೆಲ್ಲ, ಬರೀ ಹುರುಳಿ, ಬರೀ ನಿದ್ದೆ. ತಲೆ ಅಂದ್ರೆ ಒರಳುಕಲ್ಲು. ಭುಜ ಅಂದ್ರೆ ಬಾಗಿಲು. ಗೊರಸು ಮಾತ್ರ ಹಳೇ ಚಪ್ಪಲಿ ಹಂಗೆ ಮುಂದಕ್ಕೆ ಬೆಳ್ಕೊಂಡಿದೆ. ಭದ್ರಯ್ಯ ಅದಕ್ಕೆ ಮುಷ್ಟಿ ಮುಷ್ಟಿ ಉಪ್ಪು ನೆಕ್ಕಿಸ್ತಾವನೆ! ಉಪ್ಪು ನೆಕ್ಕಿದ ಹೋರಿ ಏನ್ಮಾಡುತ್ತೆ? ನೀರು ಕುಡಿಯುತ್ತೆ. ಕುಡೀತು, ಕುಡೀತು, ಕುಡೀತು, ಕೆರೆ ಒಂದು ಗೇಣು ಇಳೀತು ಅಂತ ದ್ಯಾವೀರಿ ಆಮೇಲೆ ಹೇಳೋಳು. ನಾನು ನಂಬ್ತೀನಪ್ಪ!

“ಸ್ವಾಮಿ, ಇದೇನಿದು, ತೂಕದ ದಿನ ಉಪ್ಪು?” ಅಂದ್ಲು ದ್ಯಾವೀರಿ.

“ದೃಷ್ಟಿಗೆ ಕಣೇ, ದೃಷ್ಟಿಗೆ,” ಅಂದ ಭದ್ರಯ್ಯ. “ನಿನ್ನಂಥೋರ ಕಣ್ಣು ಬೀಳ್ತದಲ್ಲ, ಅದಕ್ಕೆ.”

ಮಧ್ಯಾಹ್ನ ತೂಕ. ಒಂದು ಹಲಗೆ ಮೇಲೆ ಪರ್ವತ. ಇನ್ನೊಂದರ ಮೇಲೆ ಮಂದೇಲೇ ಹುಟ್ಟಿದ ಹೋರಿ, ಮೋಟ. ಕರು ಆಗಿದ್ದಾಗ ತೋಳ ಅವನ ಅರ್ಧ ಬಾಲ ಕಚ್ಕೊಂಡು ಹೋಗಿತ್ತು, ಅದಕ್ಕೇ ಮೋಟ. ಢಂ! ಪರ್ವತದ ಹಲಗೆ ನೆಲಕ್ಕೆ ಬಡೀತು, ಮೋಟ ಆಕಾಶಕ್ಕೆ ಹೋದ. ಜನ ನಕ್ಕಿದ್ದೇ ನಕ್ಕಿದ್ದು. ರಾಜ ಪರ್ವತಕ್ಕೆ ಹೂವಿನ ಹಾರ ಹಾಕಿದ. ಹಾರ ಹಾಕಿ ಹಿಂದಕ್ಕೆ ಸರಿಯೋದೇ ತಡ, ಪರ್ವತ ಉಚ್ಚೆ ಹೊಯ್ಯೋಕೆ ಶುರು ಮಾಡ್ತು. ಜನ ಎಲ್ಲಾ ಮನೆಗೆ ಹೋದ್ರು. ಅದಿನ್ನೂ ಹೊಯ್ತಾನೇ ಇತ್ತು!

“ಮೋಟನಿಗೆ ಬೀಜ ಒಡಿ,” ಅಂತ ದ್ಯಾವೀರಿ ಗಂಡ ಬೊಮ್ಮಣ್ಣನಿಗೆ ಅಪ್ಪಣೆ ಆಯ್ತು. ಆ ಕೆಲಸ ಅವನದೇ. ಬೊಮ್ಮಣ್ಣ ಹಗ್ಗ ತಗೊಂಡ, ಇಕ್ಕಳ ತಗೊಂಡ. ದ್ಯಾವೀರಿ ಅಡ್ಡ ನಿಂತ್ಲು.

“ಬ್ಯಾಡ ಕಣಯ್ಯ.”

“ಏನು ಬ್ಯಾಡ? ರಾಜನ ಅಪ್ಪಣೆ ಕಣೇ!”

“ಇವನ ಕಾಲು ನೋಡು. ಹಳ್ಳ, ಗುಡ್ಡ, ಮುಳ್ಳು, ದಿನಾ ತಿರುಗ್ತಾನೆ, ಒಂದಿನ ಕುಂಟಿಲ್ಲ. ಇವನ ತಲೆ ನೋಡು, ಸಣ್ಣಕೆ, ಉದ್ದಕೆ. ಭುಜ ನೋಡು, ನುಣ್ಣಗೆ ಜಾರಿ ಹೋಗೋ ಹಂಗಿದೆ. ಇವನವ್ವ ಎಂಟು ಕರು ಹಾಕಿದ್ಲು, ಎಂಟಕ್ಕೂ ನಾನು ಹೋಗೋ ಹೊತ್ತಿಗೆ ಕರು ಎದ್ದು ಹಾಲು ಕುಡೀತಿತ್ತು. ಒಂದಕ್ಕೂ ನನ್ನ ಕೈ ಬೇಕಾಗ್ಲಿಲ್ಲ. ಇಂಥೋನ ಬೀಜ ಒಡೀತೀಯಾ?”

“ನೀನು ನನ್ನ ತಲೆ ತೆಗಿಸ್ತೀಯ!”

“ತೆಗೆದ್ರೆ ನನ್ನದೂ ತೆಗೀಲಿ, ಜೊತೇಲೇ ಹೋಗಣ.”

“ಏನು ಸಂತೆಗೆ ಕರೆದ ಹಂಗೆ ಕರೀತೀಯಲ್ಲೇ!” ಅಂದ ಬೊಮ್ಮಣ್ಣ. ಅಂದ್ರೂ ಇಕ್ಕಳ ಕೆಳಗಿಟ್ಟ. ಮೋಟನ್ನ ಹಳ್ಳದ ಆಚೆ ಕಡೆ ಕಾವಲಿಗೆ ಹೊಡೆದ. ಹಳ್ಳ ದಾಟೋಕೆ ಭದ್ರಯ್ಯನಿಗೆ ಮೈ ಬಗ್ಗಲ್ಲ. ಪರ್ವತಕ್ಕೆ ಕಾಲು ಬಗ್ಗಲ್ಲ. ಯಾರಿಗೂ ಗೊತ್ತಾಗ್ಲಿಲ್ಲ!

ಆ ವರ್ಷ ಮಂದೇಲಿ ಇಪ್ಪತ್ನಾಲ್ಕು ಮಣಕ ಇದ್ವು. ಮಣಕ ಅಂದ್ರೆ ಇನ್ನೂ ಒಂದು ಕರೂನೂ ಹಾಕದ ಎಳೇ ಹಸು. ಅದ್ರಲ್ಲಿ ಹನ್ನೆರಡು, ಹಳ್ಳದ ಈಚೆ, ಪರ್ವತದ ಜೊತೆ. ಇನ್ನು ಹನ್ನೆರಡು, ಹಳ್ಳದ ಆಚೆ, ಮೋಟನ ಜೊತೆ. ಪರ್ವತದಿಂದ ಗಬ್ಬ ಆದ್ಮೇಲೇ ಅವನ್ನ ಆಚೆ ಹೊಡೆದೆ ಅಂತ ಬೊಮ್ಮಣ್ಣ ಭದ್ರಯ್ಯನಿಗೆ ಹೇಳಿದ್ದ. ಪರ್ವತ ಮರದ ನೆರಳಲ್ಲಿ ಮಲಗೋದು. ಬೆದೆಗೆ ಬಂದ ಮಣಕ ತಾನೇ ಹುಡುಕ್ಕೊಂಡು ಬಂದ್ರೆ ಎದ್ದೇಳೋದು. ಮನಸ್ಸಿದ್ರೆ! ಮೂರು ಮಣಕ ಗಬ್ಬನೇ ಆಗ್ಲಿಲ್ಲ. ಒಂಬತ್ತು ಆದ್ವು.

ಒಂಬತ್ತು ತಿಂಗಳು ತುಂಬ್ತು. ಈಗ ಕೇಳಿ. ಗಟ್ಟಿಯಾಗಿ ಕೂತ್ಕೊಂಡು ಕೇಳಿ.

ಮೊದಲನೇ ಮಣಕ ನೋವು ತಿನ್ನೋಕೆ ಶುರು ಮಾಡ್ತು. ದ್ಯಾವೀರಿ ಕೈಗೆ ಎಣ್ಣೆ ಸವರಿ ಒಳಗೆ ಹಾಕಿದ್ಲು. ಹಾಕಿದೋಳು ಹಂಗೇ ಕಲ್ಲಾದ್ಲು. ಕರು ತಲೆ ಬೆರಳಿಗೆ ಸಿಕ್ತು, ಆದ್ರೆ ತಲೆ ಮುಗಿಯೋದೇ ಇಲ್ಲ! ಅಗಲ, ಅಗಲ, ಇನ್ನೂ ಅಗಲ. ಮಣಕದ ಬಾಗಿಲು ಚಿಕ್ಕದು, ಕರು ಭುಜ ದೊಡ್ಡದು. ಎಳೆದ್ಲು, ಬೊಮ್ಮಣ್ಣ ಎಳೆದ, ಇಬ್ಬರೂ ಸೇರಿ ಎಳೆದ್ರು. ಬರ್ಲಿಲ್ಲ. ಮಣಕ ಒಂದ್ಸಲ ತಲೆ ಎತ್ತಿ ದ್ಯಾವೀರೀನ ನೋಡ್ತು. ಅಷ್ಟೇ. ತಾಯೂ ಹೋಯ್ತು, ಕರೂ ಹೋಯ್ತು.

ದ್ಯಾವೀರಿ ಓಡಿದ್ಲು. “ಸ್ವಾಮಿ, ಕರು ಬಲು ದಪ್ಪ! ಈ ಹೋರಿ ಎಳೇ ಮಣಕಕ್ಕೆ ಆಗಿಬರಲ್ಲ!”

“ದಪ್ಪ ಕರು ಬೇಕು ಅಂತಲೇ ಕಣೇ ದಪ್ಪ ಹೋರಿ ತಂದಿದ್ದು,” ಅಂದ ಭದ್ರಯ್ಯ. “ಮಣಕಕ್ಕೆ ತ್ರಾಣ ಇಲ್ಲ.”

ಎರಡನೇ ಮಣಕ. ಅದೇ ಒರಳುಕಲ್ಲು ತಲೆ, ಅದೇ ಬಾಗಿಲು ಭುಜ. ತಾಯೂ ಹೋಯ್ತು, ಕರೂ ಹೋಯ್ತು. ದ್ಯಾವೀರಿ ಮತ್ತೆ ಓಡಿದ್ಲು.

“ಈ ವರ್ಷ ಹುಲ್ಲು ಸರಿ ಇಲ್ಲ,” ಅಂದ ಭದ್ರಯ್ಯ.

ಮೂರನೇದು ಕೆಂದಿ. ಅದು ದ್ಯಾವೀರಿ ಅಂಗೈಯಲ್ಲಿ ಗಂಜಿ ಕುಡಿದು ಬೆಳೆದಿದ್ದು, ತಾಯಿ ಇಲ್ಲದ ಕರು ಅಂತ ಸೆರಗಲ್ಲಿ ಸುತ್ಕೊಂಡು ಸಾಕಿದ್ದು. ಕೆಂದಿ ಬಾಲ ಎತ್ತಿದಾಗ ದ್ಯಾವೀರಿ ಅದರ ಹಣೆ ನೇವರಿಸಿ ಕೈಗೆ ಎಣ್ಣೆ ಸವರಿದ್ಲು. ಬೆಳಿಗ್ಗೆಯಿಂದ ಹೊತ್ತು ನೆತ್ತಿಗೆ ಬರೋ ತನಕ ಹೆಣಗಿದ್ಲು. ಏನು ಹೇಳ್ಲಿ, ಕೆಂದೀನೂ ಹೋಯ್ತು. ದ್ಯಾವೀರಿ ಈ ಸಲ ಓಡ್ಲಿಲ್ಲ. ರಕ್ತದ ಕೈಲಿ ಹಂಗೇ ಕೂತ್ಲು, ಅಳೂ ಬರ್ಲಿಲ್ಲ. ಭದ್ರಯ್ಯನೇ ಬಂದ, ಕೊಟ್ಟಿಗೆ ಬಾಗಿಲಲ್ಲಿ ನಿಂತ, ಮೂಗು ಮುಚ್ಕೊಂಡು ಹೇಳಿದ, “ನಿನ್ನ ಕೈಗುಣ ಸರಿ ಇಲ್ಲ ಕಣೇ.”

ಆಮೇಲೆ ಮೂರು ಮಣಕ ಉಳಿದ್ವು, ಕರು ಸತ್ತು ಹುಟ್ಟಿದ್ವು. ಇನ್ನು ಮೂರು ಹೆಂಗೋ ಕರು ಹಾಕಿದ್ವು, ಕರೂ ಬದುಕಿದ್ವು. ಹನ್ನೆರಡು ಮಣಕಕ್ಕೆ ಮೂರೇ ಮೂರು ಕರು!

ಹಳ್ಳದ ಆಚೆ? ಅಯ್ಯೋ, ಅಲ್ಲಿ ದ್ಯಾವೀರಿ ಹೋಗೋಕೆ ಮುಂಚೆನೇ ಕರು! ಇಲಿ ಮರಿ ಹಂಗೆ ಪುಟ್ಟ ಪುಟ್ಟ ಕರು ಪಚಕ್ ಅಂತ ಬಿದ್ದು, ಎದ್ದು, ಬಿದ್ದು, ಎದ್ದು, ಕೆಚ್ಚಲು ಹುಡುಕೋವು. ಒಂದಲ್ಲ, ಎರಡಲ್ಲ, ಹನ್ನೆರಡು! ತಾಯಂದಿರೂ ಗಟ್ಟಿ. ಹಾಲೂ ಧಾರಾಳ. ಪುಟ್ಟ ಕರು ಎಂಟು ತಿಂಗಳಿಗೆ ಮೈ ತುಂಬಿ ಉರುಳ್ಕೊಂಡು ಬಂದ್ವು.

ರಾಜ ಅಷ್ಟು ದಿನ ಗಡಿ ಕಡೆ ಹೋಗಿದ್ದ. ವಾಪಸ್ ಬಂದಾಗ ಮುಂದಿನ ತೂಕದ ದಿನಕ್ಕೆ ನಾಲ್ಕೇ ದಿನ. ಮೂರು ಮಣಕ ಸತ್ವು ಅಂತ ಕೇಳಿ ಸಿಂಹಾಸನದಿಂದ ಎದ್ದೇಬಿಟ್ಟ. ದ್ಯಾವೀರೀನ ಹಿಡ್ಕೊಂಡು ಬಂದ್ರು.

“ನೋಡಿ ಮಹಾಪ್ರಭು,” ಅಂದ ಭದ್ರಯ್ಯ, ಕೈ ಮುಗಿದು, ಹೊಟ್ಟೆ ಮುಂದೆ ಮಾಡಿ. “ಹೋರಿ ಒಂದೇ. ಹಳ್ಳದ ಆಚೆ ಇವಳು ಕೈ ಹಾಕ್ಲಿಲ್ಲ, ಹನ್ನೆರಡಕ್ಕೆ ಹನ್ನೆರಡು ಕರು. ಹಳ್ಳದ ಈಚೆ ಇವಳು ಕೈ ಹಾಕಿದ್ಲು, ಮೂರು ಹೆಣ. ತಪ್ಪು ಯಾರದ್ದು, ನೀವೇ ಹೇಳಿ!”

ಸಭೆ ಎಲ್ಲಾ ಹೌದು ಹೌದು ಅಂತು. ಕೇಳೋಕೆ ಸರಿಯಾಗೇ ಇದೆಯಲ್ಲ! ದ್ಯಾವೀರಿ ಯೋಚನೆ ಮಾಡಿದ್ಲು. ಆಚೆ ಕಡೆದು ಪರ್ವತದ ಕರು ಅಲ್ಲ ಅಂತ ಹೇಳಿದ್ರೆ ಮೋಟನ ಗುಟ್ಟು ಬಯಲಾಗುತ್ತೆ, ಗಂಡನ ತಲೆ ಹೋಗುತ್ತೆ. ಹೇಳದೆ ಇದ್ರೆ ಕೈಗುಣ ಕೆಟ್ಟೋಳು ಅಂತ ತಾನು ಗಡಿಯಾಚೆ ಹೋಗ್ಬೇಕು.

“ದ್ಯಾವೀರಿಗೆ ಗಡೀಪಾರು,” ಅಂದ ರಾಜ. “ಪರ್ವತದ ತಮ್ಮನೂ ಒಬ್ಬ ಇದಾನಂತೆ, ಅವನಿನ್ನೂ ಭಾರವಂತೆ. ಈ ಸಲ ಮಣಕ ನಲವತ್ತು. ನಲವತ್ತಕ್ಕೂ ಅವನನ್ನೇ ಬಿಡಿ.”

ನಲವತ್ತು! ದ್ಯಾವೀರಿ ಕಣ್ಮುಂದೆ ನಲವತ್ತು ಮಣಕ ಸಾಲಾಗಿ ತಲೆ ಎತ್ತಿ ನೋಡಿದ ಹಂಗಾಯ್ತು, ಆ ಮೊದಲನೇ ಮಣಕ ನೋಡಿತ್ತಲ್ಲ, ಹಂಗೆ. ಅವಳ ಬಾಯಿ ತಾನಾಗೇ ತೆರೀತು.

“ಬುದ್ಧಿ! ಹೋರಿ ಒಂದಲ್ಲ. ಎರಡು.”

ಸಭೆ ಎಲ್ಲಾ ಅವಳ ಕಡೆ ತಿರುಗ್ತು.

“ಮೋಟನಿಗೆ ಬೀಜ ಒಡೆದಿಲ್ಲ. ನಾನೇ ಬ್ಯಾಡ ಅಂದೆ. ಆಚೆ ಕಡೆ ಹನ್ನೆರಡೂ ಅವನ ಕರು.”

ಹಿಂದೆ ಎಲ್ಲೋ ಬೊಮ್ಮಣ್ಣ ಧೊಪ್ ಅಂತ ಬಿದ್ದ ಸದ್ದು ಕೇಳಿಸ್ತು.

ರಾಜನ ಮುಖ ಕೆಂಡ! “ನನ್ನ ಅಪ್ಪಣೆ ಮೀರಿದ್ಯಾ?”

“ಮೀರಿದೆ ಬುದ್ಧಿ. ಅದಕ್ಕೆ ಶಿಕ್ಷೆ ಕೊಡಿ, ಬ್ಯಾಡ ಅನ್ನಲ್ಲ. ಅದಕ್ಕೆ ಮುಂಚೆ ಒಂದೇ ಒಂದು ತೂಕ ಹಾಕಿ. ಹೋರೀನ ತೂಗಬೇಡಿ. ಹೋರಿ ಮಕ್ಕಳನ್ನ ತೂಗಿ! ಪರ್ವತದ ಕರು ಎಲ್ಲಾ ಒಂದು ಹಲಗೆ ಮೇಲೆ. ಮೋಟನ ಕರು ಎಲ್ಲಾ ಇನ್ನೊಂದು ಹಲಗೆ ಮೇಲೆ. ಹಡಗಿನೋರು ತಗೊಂಡು ಹೋಗೋದು ಅಪ್ಪನ್ನಲ್ಲ ಬುದ್ಧಿ, ಮಕ್ಕಳನ್ನ.”

ರಾಜ ಗಡ್ಡ ನೀವಿದ. ತೂಕ ಅಂದ್ರೆ ಅವನಿಗೆ ಜೀವ ನೋಡಿ. “ಆಗ್ಲಿ,” ಅಂದ. “ಮೋಟ ಗೆದ್ರೆ ನೀನು ಉಳೀತೀಯ. ಸೋತ್ರೆ ಗಂಡ ಹೆಂಡ್ತಿ ಇಬ್ಬರೂ ಗಡಿಯಾಚೆ.”

ಭದ್ರಯ್ಯ ಲೆಕ್ಕ ಹಾಕಿದ. ಇರೋದು ಮೂರೇ ಕರು! ಆದ್ರೆ ರಾಜನಿಗೆ ಅದು ಗೊತ್ತಿಲ್ಲವಲ್ಲ. ಸತ್ತು ಹುಟ್ಟಿದ ಕರು ಲೆಕ್ಕ ಅವನು ಹೇಳೇ ಇರಲಿಲ್ಲ. ಗಬ್ಬ ಆಗದೇ ಇದ್ದ ಮಣಕದ ಸುದ್ದೀನೂ ಎತ್ತಿರಲಿಲ್ಲ. ಮೂರು ಸತ್ವು, ಒಂಬತ್ತು ಮಣಕ ಉಳಿದ್ವು, ಒಂಬತ್ತು ಕರು ಅಂದ್ರೆ ಯಾರು ಕೇಳ್ತಾರೆ? ಸೀದಾ ಭಾಮೈದನ ಮನೆಗೆ ಆಳು ಓಡಿಸಿದ. ಆರು ಕರು ಬಂದ್ವು. ಕರು ಅಂದ್ರೆ ಹೆಸರಿಗೆ ಕರು, ಒಂದೂವರೆ ವರ್ಷದ ಗೂಳಿ ಮರಿಗಳು! ಮೂರು ದಿನ ಕೊಟ್ಟಿಗೇಲಿ ಕೂಡಿಹಾಕಿ, ಯಾರನ್ನೂ ಬಿಡದೆ, ತನ್ನ ಕೈಯಾರೆ ಬೆಲ್ಲ ತಿನ್ನಿಸಿದ. ಬೆಳಿಗ್ಗೆ ಬೆಲ್ಲ, ಮಧ್ಯಾಹ್ನ ಬೆಲ್ಲ, ಸಂಜೆ ಬೆಲ್ಲ.

ತೂಕದ ದಿನ ಬಂತು. ಜನವೋ ಜನ! ಮರದ ಮೇಲೂ ಜನ!

ದ್ಯಾವೀರಿ ಹನ್ನೆರಡು ಕರು ಹೊಡ್ಕೊಂಡು ಬಂದ್ಲು. ಹಲಗೆ ಮೇಲೆ ನಿಲ್ಲಿಸಿದ್ಲು. ಭದ್ರಯ್ಯ ಒಂಬತ್ತು ಹೊಡ್ಕೊಂಡು ಬಂದ. ಒಂಬತ್ತು ನೋಡಿ ದ್ಯಾವೀರಿ ಕಣ್ಣು ಕಣ್ಣು ಬಿಟ್ಲು. ಈ ಆರು ಯಾವ ಹೊಟ್ಟೇಲಿ ಹುಟ್ಟಿದ್ವು? ತಾನೇ ಅಲ್ವಾ ಹೆರಿಗೆ ಮಾಡಿಸಿದ್ದು!

“ಬುದ್ಧಿ, ಇವು...” ಅನ್ನೋಷ್ಟರಲ್ಲಿ ಸೇವಕರು ಹಲಗೆ ಹಿಡಿದಿದ್ದ ಕೊಂಡಿ ತೆಗೆದ್ರು. ತೊಲೆ ಕಿರ್ರ್ ಅಂತು. ಮೋಟನ ಹಲಗೆ ಒಂದ್ಸಲ ಕೆಳಗೆ. ಪರ್ವತದ ಹಲಗೆ ಒಂದ್ಸಲ ಕೆಳಗೆ. ಮೋಟನ ಹಲಗೆ ಮತ್ತೆ ಕೆಳಗೆ... ಇಲ್ಲ! ಇಲ್ಲ! ಢಂ! ಪರ್ವತದ ಹಲಗೆ ನೆಲಕ್ಕೆ!

ಜನ ಹೋ ಅಂದ್ರು. ಬೊಮ್ಮಣ್ಣ ಎರಡನೇ ಸಲ ಬಿದ್ದ. ಭದ್ರಯ್ಯ ದ್ಯಾವೀರಿ ಕಿವಿ ಹತ್ರ ಬಗ್ಗಿ, “ಗಂಟು ಮೂಟೆ ಕಟ್ಟು ತಾಯಿ, ಗಡಿ ದೂರ ಐತೆ,” ಅಂದ.

ದ್ಯಾವೀರಿ ಆ ಒಂಬತ್ತು ಕರೂನ ನೋಡಿದ್ಲು. ಆರು ಕರು ಬಾಯಿ ಚಪ್ಪರಿಸ್ತಾ ಅತ್ತ ಇತ್ತ ಕತ್ತು ತಿರುಗಿಸ್ತಾ ಇದ್ವು. ಅವಳಿಗೆ ಥಟ್ ಅಂತ ಹೊಳೀತು.

“ಬುದ್ಧಿ, ಸೋತೆ. ಹೋಗ್ತೀನಿ. ಹೋಗೋಕೆ ಮುಂಚೆ ಸೂಲಗಿತ್ತಿ ಕೆಲಸ ಒಂದು ಬಾಕಿ ಐತೆ. ಕರುಗಳು ಬೆಳಿಗ್ಗೆಯಿಂದ ಹಾಲು ಕುಡಿದಿಲ್ಲ. ತಾಯಂದಿರನ್ನ ಬಿಡಿಸಿ, ಒಂದ್ಸಲ ಕುಡೀಲಿ.”

“ಪಾಪ, ಕುಡೀಲಿ, ಬಿಡಿ,” ಅಂದ ರಾಜ.

“ಮಹಾಪ್ರಭು, ಹೊತ್ತಾಗುತ್ತೆ!” ಅಂದ ಭದ್ರಯ್ಯ.

“ಹಾಲು ಕುಡಿಯೋಕೆ ಎಷ್ಟು ಹೊತ್ತಯ್ಯ?” ಅಂದ ರಾಜ.

ಮೊದಲು ಹಳ್ಳದ ಆಚೆ ಹಸು ಬಿಟ್ರು. ಹನ್ನೆರಡು ತಾಯಿ ಅಂಬಾ ಅಂತ ನುಗ್ಗಿದ್ವು, ಹನ್ನೆರಡು ಕರು ಹಲಗೆಯಿಂದ ಹಾರಿದ್ವು. ಒಂದು ತಾಯಿಗೂ ಗೊಂದಲ ಇಲ್ಲ, ಒಂದು ಕರುಗೂ ಗೊಂದಲ ಇಲ್ಲ. ಚಪ ಚಪ ಚಪ, ಹನ್ನೆರಡು ಕಡೆ ಹಾಲಿನ ಸದ್ದು.

ಆಮೇಲೆ ಹಳ್ಳದ ಈಚೆ ಹಸು ಬಿಟ್ರು. ಒಂಬತ್ತು ಬಂದ್ವು. ಮೂರು ಸೀದಾ ಬಂದು ತಮ್ಮ ಕರು ಮೂಸಿದ್ವು, ಹಾಲು ಕೊಟ್ವು. ಉಳಿದ ಆರು ಹಸು ದೂರ ನಿಂತು ಮೆಲುಕು ಹಾಕಿದ್ವು. ಅದ್ರಲ್ಲಿ ಮೂರು ಈಗ ತುಂಬು ಗಬ್ಬ! ಮೊದಲ ವರ್ಷ ಗಬ್ಬ ಆಗದೇ ಇದ್ದಿದ್ದು ಅವೇ, ಆಮೇಲೆ ಪರ್ವತ ಯಾವಾಗಲೋ ಒಂದಿನ ಮನಸ್ಸು ಮಾಡಿತ್ತು.

“ಭದ್ರಯ್ಯ, ಆ ಆರು ಕರುಗೆ ತಾಯಿ ಎಲ್ಲಿ?” ಅಂದ ರಾಜ.

“ಬರ್ತಾವೆ ಮಹಾಪ್ರಭು, ನಾಚಿಕೆ ಅವಕ್ಕೆ, ಜನ ಜಾಸ್ತಿ.”

ರಾಜ ಕಾದ. ಬರ್ಲಿಲ್ಲ.

“ಎಲ್ಲಿ ಭದ್ರಯ್ಯ?”

“ಬರ್ತಾವೆ ಮಹಾಪ್ರಭು, ಹುಲ್ಲು ಮೇಯ್ತಾ ಇದಾವೆ.”

ರಾಜ ಕಾದ. ಒಂದು ಕರು ತಾನೇ ಧೈರ್ಯ ಮಾಡಿ ಹಸು ಹತ್ರ ಹೋಯ್ತು. ಹಸು ಒಂದು ಒದೆ ಕೊಡ್ತು ನೋಡಿ, ಕರು ಮೂರು ಉರುಳು ಉರುಳ್ತು!

“ಭದ್ರಯ್ಯಾ!”

“ಬ... ಬರ್ತಾವೆ...”

ಅಷ್ಟರಲ್ಲಿ ಆ ಆರು ಕರುಗೂ ಗಾಳೀಲಿ ಏನೋ ವಾಸನೆ ಬಡೀತು. ಮೂಗು ಎತ್ತಿದ್ವು. ಬಾಲ ಎತ್ತಿದ್ವು. ಓಡಿದ್ವು! ಎಲ್ಲಿಗೆ ಅಂತೀರಾ? ಭದ್ರಯ್ಯನ ಹತ್ರ! ಮೂರು ದಿನ ಬೆಲ್ಲ ತಿನ್ನಿಸಿದ ಕೈ ಅಲ್ವಾ ಅದು! ಒಂದು ಬಲಗೈ ಚೀಪ್ತು, ಒಂದು ಎಡಗೈ ಚೀಪ್ತು, ಒಂದು ಪಂಚೆ ಚೀಪ್ತು, ಒಂದು ಹಿಂದಿನಿಂದ ತಲೆ ಕೊಟ್ಟು ಗುದ್ದಿ ಗುದ್ದಿ ಕೆಚ್ಚಲು ಹುಡುಕ್ತು! “ಹೋಗು, ಹೋಗು, ಶೂ!” ಅಂತಾನೆ, ಕುಣೀತಾನೆ. ಕರು ಬಿಟ್ರೆ ತಾನೆ!

ದ್ಯಾವೀರಿ ಕೈ ಮುಗಿದ್ಲು. “ತಾಯಿ ಸಿಕ್ಕಿದ್ಲು ಬುದ್ಧಿ!”

ಮರದ ಮೇಲಿನ ಜನ ನಕ್ಕು ನಕ್ಕು ಕೆಳಗೆ ಬಿದ್ರು. ರಾಜ ಮಾತ್ರ ನಗ್ಲಿಲ್ಲ. ಅವನು ಬಾಯಿ ತೆರ್ಕೊಂಡು ನಿಂತಿದ್ದ. “ಹಂಗಾದ್ರೆ... ಮೂರೇ ಕರುನಾ? ಹನ್ನೆರಡು ಮಣಕಕ್ಕೆ ಮೂರೇ?”

“ಮೂರೇ ಬುದ್ಧಿ.”

“ಉಳಿದಿದ್ದು?”

“ಮೂರು ಕರು ತಾಯಿ ಹೊಟ್ಟೇಲೇ ಸತ್ವು, ತಾಯೀನೂ ಕರ್ಕೊಂಡು ಹೋದ್ವು. ಮೂರು ಸತ್ತು ಹುಟ್ಟಿದ್ವು. ಮೂರು ಹುಟ್ಟಲೇ ಇಲ್ಲ. ಅವನ್ನೆಲ್ಲ ಯಾವ ಹಲಗೆ ಮೇಲೆ ಇಡ್ತೀರಾ ಬುದ್ಧಿ?”

ರಾಜ ತಾನೇ ಎದ್ದು ಬಂದ. ಮೂರು ಕರು ಒಂದು ಕಡೆ ನಿಲ್ಲಿಸಿದ, ಹನ್ನೆರಡು ಕರು ಒಂದು ಕಡೆ ನಿಲ್ಲಿಸಿದ, ತಾನೇ ಕೊಂಡಿ ತೆಗೆದ. ಮೋಟನ ಹಲಗೆ ಎಷ್ಟು ಜೋರಾಗಿ ಬಡೀತು ಅಂದ್ರೆ ಅರಮನೆ ಹೆಂಚು ಜಾರಿದ್ವಂತೆ! ಇಷ್ಟು ವರ್ಷ ಅವನಜ್ಜ, ಅವನಪ್ಪ, ಅವನು, ಮೂರು ತಲೆಮಾರು ಹೋರಿ ತೂಗಿ ತೂಗಿ ಎಷ್ಟು ಕರು ಕಳ್ಕೊಂಡ್ರೋ! ರಾಜ ಹಂಗೇ ಹಲಗೆ ಪಕ್ಕ ಮಣ್ಣಲ್ಲಿ ಕೂತುಬಿಟ್ಟ.

“ಪರ್ವತಾನ ಹಡಗಿನೋರಿಗೆ ಕೊಟ್ಟುಬಿಡಿ,” ಅಂದ ಕೊನೆಗೆ.

“ಬ್ಯಾಡ ಬುದ್ಧಿ,” ಅಂದ್ಲು ದ್ಯಾವೀರಿ. “ಅದೇನು ಮಾಡ್ತು? ಉಪ್ಪು ಕೊಟ್ರು, ನೆಕ್ತು. ಗೊರಸು ಕತ್ತರಿಸಿ, ದಿನಾ ಹಳ್ಳದ ತನಕ ನಡೆಸಿ. ನಡೆದ್ರೆ ಮೂರು ನಾಲ್ಕು ಕರು ಹಾಕಿದ ದೊಡ್ಡ ಹಸುಗಳ ಜೊತೆ ಬಿಡಿ. ಅವು ತಡ್ಕೋತಾವೆ. ಎಳೇ ಮಣಕಕ್ಕೆ ಮಾತ್ರ ಬ್ಯಾಡ. ನಲವತ್ತಕ್ಕೂ ಸಣ್ಣ ತಲೆ ಹೋರಿ ನಾನು ತೋರಿಸ್ತೀನಿ.”

“ಭದ್ರಯ್ಯನ್ನ ಏನು ಮಾಡ್ಲಿ? ಅವನ ತಲೆ ತೆಗೀಲಾ?”

ಭದ್ರಯ್ಯ ರಾಜನ ಕಾಲಿಗೆ ಬಿದ್ದ. ಕರು ಇನ್ನೂ ಚೀಪ್ತಾನೇ ಇದಾವೆ.

“ತಲೆ ಯಾಕೆ ಬುದ್ಧಿ, ಅವರ ಕೈ ಸಾಕು ನನಗೆ,” ಅಂದ್ಲು ದ್ಯಾವೀರಿ. ಕೈ ಕಡೀತಾಳೆ ಅಂತ ಅವನು ಕೂಗ್ಕೊಂಡೇಬಿಟ್ಟ! “ಕಡಿಯೋಕಲ್ಲ ಸ್ವಾಮಿ. ಮೂರು ಮಣಕ ತುಂಬು ಗಬ್ಬ ನಿಂತಾವೆ, ಪರ್ವತದ್ದೇ. ಹೆರಿಗೆ ಮಾಡ್ಸೋಕೆ ನನಗೊಂದು ಜೊತೆ ಕೈ ಬೇಕು.”

ಅಲ್ಲಿಗೆ ಪಾರುಪತ್ಯ ಹೋಯ್ತು, ಕೊಟ್ಟಿಗೆ ಕೆಲಸ ಬಂತು.

ಮೊದಲನೇ ಮಣಕಕ್ಕೆ ನೋವು ಬಂದಾಗ ಭದ್ರಯ್ಯ ರಕ್ತ ನೋಡಿ ಓಡಿಹೋದ. ಬೊಮ್ಮಣ್ಣ ಎಳ್ಕೊಂಡು ಬಂದ. ಎರಡನೇದಕ್ಕೆ ಓಡ್ಲಿಲ್ಲ, ನಿಂತಲ್ಲೇ ಎಚ್ಚರ ತಪ್ಪಿ ಬಿದ್ದ. ಎರಡನ್ನೂ ದ್ಯಾವೀರಿ, ಬೊಮ್ಮಣ್ಣ ಹೆಂಗೋ ಉಳಿಸಿದ್ರು. ಮೂರನೇದು ಎಲ್ಲಕ್ಕಿಂತ ಸಣ್ಣ ಮಣಕ. ಅದರ ಒಳಗಿನ ಕರು ಎಲ್ಲಕ್ಕಿಂತ ದೊಡ್ಡದು. ದ್ಯಾವೀರಿ ಭದ್ರಯ್ಯನ ಕೈಗೇ ಎಣ್ಣೆ ಸವರಿದ್ಲು.

“ಒಳಗೆ ಹಾಕಿ ಸ್ವಾಮಿ. ಏನು ಸಿಕ್ತು?”

“ತಲೆ... ತಲೆ ಸಿಕ್ತು. ಅಯ್ಯೋ! ಅಯ್ಯೋ ದ್ಯಾವೀರಿ, ತಲೆ ಮುಗೀತಾನೇ ಇಲ್ಲವಲ್ಲೇ!”

“ಹೂಂ. ಮುಗಿಯಲ್ಲ ಅದು. ಮಣಕ ತಿಣುಕಿದಾಗ ಎಳೀರಿ. ನಿಲ್ಲಿಸಿದಾಗ ನಿಲ್ಲಿಸಿ. ನಿಮ್ಮ ಅವಸರಕ್ಕಲ್ಲ, ಅದರ ಅವಸರಕ್ಕೆ.”

ಬೆಳಿಗ್ಗೆ ಶುರು. ಹೊತ್ತು ಏರ್ತು. ಭದ್ರಯ್ಯ ಎಳೀತಾನೆ, ನಿಲ್ಲಿಸ್ತಾನೆ, ಎಳೀತಾನೆ. ಬೆವರು ಸುರೀತು. ಪಂಚೆ ರಕ್ತ ಆಯ್ತು. ಮಣಕ ತಲೆ ಎತ್ತಿ ಅವನನ್ನ ನೋಡ್ತು. ಅಷ್ಟು ಹತ್ರದಿಂದ ಅವನು ಒಂದು ಹಸೂನ ಯಾವತ್ತೂ ನೋಡಿರಲಿಲ್ಲ. “ಬ್ಯಾಡಮ್ಮ, ಸಾಯಬ್ಯಾಡಮ್ಮ, ಸಾಯಬ್ಯಾಡ ನನ್ನವ್ವ,” ಅಂತ ಅವನು ಮಗು ಹಂಗೆ ಅತ್ತ! ಅತ್ತುಕೊಂಡೇ ಎಳೆದ. ಹೊತ್ತು ನೆತ್ತಿಗೆ ಬಂದಾಗ ಭುಜ ಜಾರ್ತು, ಕರು ಧೊಪ್ ಅಂತ ಅವನ ತೊಡೆ ಮೇಲೆ ಬಿತ್ತು. ಉಸಿರಿಲ್ಲ! ದ್ಯಾವೀರಿ ಬಾಯಲ್ಲಿ ಬೆರಳು ಹಾಕಿ ಲೋಳೆ ತೆಗೆದು, ಮೂಗಿಗೆ ಹುಲ್ಲು ಕಡ್ಡಿ ಚುಚ್ಚಿದ್ಲು. ಕರು ಸೀನ್ತು! ತಾಯಿ ನಾಲಿಗೆ ಚಾಚ್ತು!

ಭದ್ರಯ್ಯ ಹುಲ್ಲಿನ ಮೇಲೆ ಅಂಗಾತ ಬಿದ್ದ. ಉಸಿರು ತಗೊಳ್ತಾ ಕೇಳಿದ, “ಇಷ್ಟು ಕಷ್ಟನಾ ದ್ಯಾವೀರಮ್ಮ?”

“ಕಷ್ಟ ಮಣಕದ್ದು ಸ್ವಾಮಿ,” ಅಂದ್ಲು ದ್ಯಾವೀರಿ, ಕರು ಒರೆಸ್ತಾ. “ನಿಮ್ಮದು ಬರೀ ಬೆವರು.”

ಅದಕ್ಕೇ ಹೇಳೋದು ಕಣ್ರೋ, ಅಪ್ಪನ ಮೈ ನೋಡಿ ಮೆಚ್ಚಬೇಡಿ, ಮಕ್ಕಳು ಎದ್ದು ನಿಂತ್ವಾ, ತಾಯಿ ಉಳಿದ್ಲಾ ಅಂತ ನೋಡಿ. ನೋವು ತಿನ್ನೋದು ಒಬ್ಬರು, ಹಾರ ಹಾಕಿಸ್ಕೊಳ್ಳೋದು ಇನ್ನೊಬ್ಬರು ಆದ್ರೆ, ಆ ತೂಕ ಎಷ್ಟೇ ಸರಿ ಕಂಡ್ರೂ ಸುಳ್ಳು ತೂಕ. ತಿಳೀತಾ? ಬಾಯಿ ಮುಚ್ಕೊಳ್ಳಿ ಈಗ, ಕಥೆ ಮುಗೀತು.